ಅಂಗಿಯ ಬಾಲ

ಶ್ರಾವಣದ ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಸುರಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದವರು ನಾನು ಮತ್ತು ನನ್ನ ಗಂಡ. ಅವರಿಗೆ ಪ್ಯಾಂಟಿನ ಹೊರಗೆ ಬಿಟ್ಟುಕೊಳ್ಳುವ ಅಂಗಿ ತರಲು ಶಹಾಪುರಕ್ಕೆ ಹೊರಟಿದ್ದೆವು. ಅಂಥ ಅಂಗಿ ನನ್ನ ಮನೆಗೆ ಬರುತ್ತದೆಂದು ಮೊದಲು ಯಾರಾದರೂ ಹೇಳಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ.

ನಾನು ದವಾಖಾನೆಯಲ್ಲಿ ನರ್ಸ್ ಆಗಿದ್ದವಳು. ತರಬೇತಿಯ ದಿನಗಳಲ್ಲಿ ಚಾದರದ ಅಂಚನ್ನು ಗಾದಿಯ ಕೆಳಗೆ ಸರಿಯಾಗಿ ಸಿಕ್ಕಿಸದಿದ್ದರೆ ಮೇಟ್ರನ್ ಇಡೀ ಹಾಸಿಗೆ ಕಿತ್ತು ನೆಲಕ್ಕೆ ಹಾಕುತ್ತಿದ್ದರು. ಬಟ್ಟೆಯ ಅಂಚು ಜೋತಾಡುವುದನ್ನು ಕಂಡರೆ ನನಗೆ ಅಂದಿನಿಂದ ಮೈಮೇಲೆ ಹುಳ ಹರಿದಂತಾಗುತ್ತದೆ.

ಗಂಡ ಶಾಲಾ ಮಾಸ್ತರರಾಗಿದ್ದವರು, ಜನ್ಮವಿಡೀ ಇನ್‌ಶರ್ಟ್. ಲಕ್ವಾ ಹೊಡೆದು ಎಡಗೈ ಸೋತ ಮೇಲೆ ಗುಂಡಿಗಳನ್ನು ಹೇಗೋ ಒಂದೇ ಕೈಯಲ್ಲಿ ಹಾಕಿಕೊಳ್ಳುತ್ತಾರೆ, ಅಂಗಿ ಒಳಗೆ ಸಿಕ್ಕಿಸಿಕೊಳ್ಳಲು ಆಗದು. ನಾನೇ ಸಿಕ್ಕಿಸಿ ಕಳಿಸುತ್ತಿದ್ದೆ. ರಂಗಂಪೇಟೆಯ ಚಹಾದ ಹೋಟೆಲ್ ಮುಟ್ಟುವುದರೊಳಗೆ ಒಂದು ಬದಿ ಹೊರಗೆ ಬಂದಿರುತ್ತಿತ್ತು. ಒಂದು ಮುಂಜಾನೆ ಹಳೆಯ ಗೆಳೆಯರೊಬ್ಬರು, "ಏ ಮಾಸ್ತರ, ನಿಂದರು, ನಿನ್ನ ಹೆಂಡ್ತಿ ಕೆಲಸ ಇವತ್ತ ನಾ ಮಾಡ್ತೀನಿ" ಎಂದು ಎಲ್ಲರೆದುರು ಇವರ ಪ್ಯಾಂಟಿನೊಳಗೆ ಕೈ ತೂರಿಸಿ ಅಂಗಿ ತುರುಕಿದರಂತೆ. ಹೋಟೆಲ್ಲೆಲ್ಲ ನಕ್ಕಿತಂತೆ. ಮರುದಿನದಿಂದ ಇವರು ಹೊಸ್ತಿಲು ದಾಟಲಿಲ್ಲ. "ಚಾ ಮನ್ಯಾಗೂ ಕುದೀತದ" ಎನ್ನುತ್ತ ಗೋಡೆ ನೋಡಿಕೊಂಡು ಕುಡಿಯುತ್ತಿದ್ದರು.

ಇದ್ದ ಅಂಗಿಗಳನ್ನೇ ಹೊರಗೆ ಬಿಟ್ಟು ನೋಡಿದೆವು. ಹಿಂದೆ ದುಂಡಗೆ ಇಳಿದ ಅಂಚಿನ ಬಾಲ ತೊಡೆಯವರೆಗೆ, ಪಕ್ಕದಲ್ಲಿ ಸೊಂಟ ಬಯಲು. ವಾರ್ಡಿನಿಂದ ತಪ್ಪಿಸಿಕೊಂಡು ಬಂದ ರೋಗಿಯ ಹಾಗೆ ಕಂಡರು.

ಶಹಾಪುರದ ಅಂಗಡಿಯಲ್ಲಿ ಮೊದಲ ಅಂಗಿ ಹೊಟ್ಟೆಯ ಮೇಲೇ ನಿಂತಿತು. ಬಲಗೈ ಎತ್ತಿರಿ ಎಂದೆ. ಎತ್ತಿದರು, ಹೊಕ್ಕಳು ಕಂಡಿತು.

"ಇದು ಹೊಲದು ಮುಗದದೇನಪ್ಪ, ಇನ್ನೂ ಬಾಕಿ ಅದ?" ಎಂದು ಅಂಗಡಿಯವನನ್ನು ಕೇಳಿದೆ.

"ಈಗ ಹಿಂಗೇ ನಡೀತದರಿ ಅಮ್ಮಾರ. ಎಲ್ಲಾರೂ ಹೊರಗೇ ಬಿಡ್ತಾರ."

"ಅಂಗಿ ಬಿಡ್ತಾರೊ, ಹೊಟ್ಟಿ ಬಿಡ್ತಾರೊ?"

"ಇರಲಿ ಬಿಡು, ಹೊಕ್ಕಳಕ್ಕೂ ಶಹಾಪುರ ಬಾಜಾರ ತೋರಿಸಿದಂಗ ಆತು" ಎಂದರು ನನ್ನ ಗಂಡ. ಎಷ್ಟೋ ದಿನದ ಮೇಲೆ ಅವರು ಆಡಿದ ತಮಾಷೆ ಅದು.

ಎರಡನೆಯದಕ್ಕೆ ಮತ್ತದೇ ಬಾಲ. ಅದನ್ನೂ ಹೊರಗೇ ಬಿಡುತ್ತಾರಂತೆ. ಒಳಗೆ ಮುಚ್ಚಿಡಲೆಂದು ಕತ್ತರಿಸಿದ ಅಂಚನ್ನು ಬೀದಿಗೆ ತೋರಿಸುವುದು, ಒಳಅಂಗಿ ತೋರಿಸಿದಷ್ಟೇ ಹೇಸಿಗೆ. ಮೂರನೆಯದು ಗಾಯದ ಪಟ್ಟಿಯ ಹಾಗೆ ಮೈಗೆ ಅಂಟಿತು. ಏನೂ ಕೊಳ್ಳದೆ ಹೊರಬಿದ್ದೆವು.

ಬಸ್‌ಸ್ಟ್ಯಾಂಡಿನಲ್ಲಿ ಕೂತು ಗಂಡಸರನ್ನು ನೋಡಿದೆ. ಕೂತು ಕೂತು ಮುದುಡಿದ ಬಾಲಗಳು, ಅವುಗಳಲ್ಲೇ ಕೈ ಒರೆಸಿಕೊಳ್ಳುವವರು, ಮೂಗು ಒರೆಸಿಕೊಂಡವನೂ ಒಬ್ಬ. ಹೊರಗೆ ಬಿಡುವುದೇ ಆದರೆ ಹೊರಗೆ ಬಿಡಲೆಂದೇ ಹೊಲಿಯಬೇಕು. ಅಂಚು ನೇರವಿರಬೇಕು, ಮೈ ಮುಚ್ಚಬೇಕು. ಎರಡೂ ಇಲ್ಲದ್ದನ್ನು ಫ್ಯಾಶನ್ ಎಂದು ಮಾರುವುದು ಮೈಗಳ್ಳತನ.

ಮನೆಗೆ ಬಂದು ಊಟ ಮುಗಿಸಿ ಅವರ ತಿಳಿನೀಲಿ ಅಂಗಿ ತೆಗೆದೆ. ತೊಡಿಸಿ, ಕುರ್ಚಿಯ ಮೇಲೆ ಕೂರಿಸಿ, ಬಲಗೈಗೆ ಖಾಲಿ ಕಪ್ ಕೊಟ್ಟು ಬಾಯಿಯವರೆಗೆ ಎತ್ತಿಸಿದೆ. ಕೂತಾಗ ಅಂಚು ಅಡಿಗೆ ಸಿಕ್ಕಬಾರದು, ಕಪ್ ಎತ್ತಿದಾಗ ಸೊಂಟ ಕಾಣಬಾರದು. ಆ ನಡುವಿನ ಜಾಗಕ್ಕೆ ಸವೆದ ಸಾಬೂನಿನ ಚೂರಿನಿಂದ ಗೆರೆ ಎಳೆದೆ.

"ಅಳತಿ ತಗೋಳಾಕತ್ತೀಯೋ, ಆಪರೇಶನ್ ಮಾಡಾಕತ್ತೀಯೋ?"

"ಅಲಗಾಡಬ್ಯಾಡ್ರಿ. ಮುಂದಿಂದು ಕತ್ತರಿ ಕೆಲಸ ಅದ."

ಬಾಲ ಕತ್ತರಿಸಿ, ಆ ಬಟ್ಟೆಯನ್ನೇ ಪಕ್ಕದ ಗಿಡ್ಡ ಜಾಗಕ್ಕೆ ಜೋಡಿಸಿ, ಅಂಚು ಮಡಚಿ ಮಷಿನ್ ಹೊಡೆದೆ. ಪಕ್ಕದಲ್ಲಿ ಸಣ್ಣ ಸೀಳು ಬಿಟ್ಟು ಇಸ್ತ್ರಿ ಮಾಡಿ ಕೊಟ್ಟೆ.

ಸಂಜೆ ಅವರು ಕೋಣೆಯೊಳಗೆ ಹೋಗಿ ಅದನ್ನು ತೊಟ್ಟುಕೊಂಡು ಬಂದರು. ನನ್ನನ್ನು ಕರೆಯಲಿಲ್ಲ. ಚಪ್ಪಲಿ ಮೆಟ್ಟಿ, "ಹೋಗಿ ಬರ್ತೀನಿ" ಎಂದಷ್ಟೇ ಹೇಳಿ ರಂಗಂಪೇಟೆಯ ಕಡೆ ನಡೆದರು. ಬಾಗಿಲಲ್ಲಿ ನಿಂತು ನೋಡಿದೆ. ಅಂಚು ಗಾಳಿಗೆ ಅಲುಗುತ್ತಿತ್ತು. ನೋಡಲಾಗದೆ ಒಳಗೆ ಬಂದೆ.

ದೀಪ ಹಚ್ಚುವ ಹೊತ್ತಾದರೂ ಅವರು ತಿರುಗಿ ಬರಲಿಲ್ಲ, ಹೋಟೆಲಿನಲ್ಲಿ ಹರಟೆಗೆ ಕೂತಿರಬೇಕು. ಅಷ್ಟರಲ್ಲಿ ಪೆಟ್ಟಿಗೆಯಲ್ಲಿದ್ದ ಉಳಿದ ಅಂಗಿಗಳನ್ನೂ ತೆಗೆದು ಅದೇ ಅಳತೆಗೆ ಬಾಲ ಕತ್ತರಿಸಿ ಹೊಲಿದೆ. ಮಿಕ್ಕ ಚೂರುಗಳನ್ನು ಒಲೆ ಒರೆಸಲು ಎತ್ತಿಟ್ಟು, ನೆಲದ ದಾರಗಳನ್ನು ಗುಡಿಸಿ, ಮಷಿನ್‌ಗೆ ಮುಸುಕು ಹಾಕಿದೆ.