ಕಿರುಬೆರಳಿಗೆ ತುಂಬಿದ ಹತ್ತಿ

ಮೊನ್ನೆ ಸೊಸೆ ಪಾತ್ರೆ ತೊಳೆಯುವಾಗ ಹಾಕಿಕೊಳ್ಳಲೆಂದು ನನಗೆ ಹೊಸ ರಬ್ಬರ್ ಗ್ಲೌಸ್ ತಂದುಕೊಟ್ಟಳು. ಇಲ್ಲಿಯ ಚಳಿಗೆ ನನ್ನ ಕೈ ಒಡೆಯುತ್ತದೆ. ಪ್ಯಾಕೆಟ್ ಹರಿದದ್ದೇ ತಡ, ಆ ವಾಸನೆ... ಬಿಸಿಲಲ್ಲಿ ಬಿಟ್ಟ ಬಲೂನಿನದ್ದು, ಅದಕ್ಕೆ ಸ್ವಲ್ಪ ಪೌಡರ್ ಸೇರಿದ ಹಾಗೆ. ಸಿಂಕಿನ ಮುಂದೆ ಹಾಗೇ ನಿಂತುಬಿಟ್ಟೆ.

"ಎಂತಾಯ್ತು ಅತ್ತೆ, ಅಲರ್ಜಿಯಾ?" ಅಂದಳು ಸೊಸೆ.

ಇಲ್ಲ ಮಗ, ಅಂದೆ. ಎಡಗೈಯ ಕಿರುಬೆರಳನ್ನು ಆ ಗ್ಲೌಸಿನೊಳಗೆ ತೂರಿಸಲು ನನಗೆ ಧೈರ್ಯ ಬರಲಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ?

ನಾವು ಗಂಡಹೆಂಡತಿ ಆಗ ಸೌದಿಯ ಜುಬೈಲಿನಲ್ಲಿ, ಹೊರದೇಶದವರ ವಿಲ್ಲಾಗಳಿದ್ದ ಹಳೆಯ ಕಾಂಪೌಂಡ್ ಒಂದರಲ್ಲಿದ್ದೆವು. ನಮ್ಮವರಿಗೆ ಪ್ಲಾಂಟಿನಲ್ಲಿ ಕೆಲಸ, ನಾನು ಇಂಡಿಯನ್ ಸ್ಕೂಲಿನಲ್ಲಿ ಮ್ಯೂಸಿಕ್ ಟೀಚರ್ ಆಗಿದ್ದು ರಿಟೈರ್ ಆದವಳು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ಸ್ ನನಗೆ ಕಲಿಸಿದ್ದು ಮೂರೇ ವಿದ್ಯೆ: ಪಿಯಾನೋ, ಹೊಲಿಗೆ, ಫ್ರೆಂಚ್. ಪಿಯಾನೋ ಹೊಟ್ಟೆಗೆ ಹಾಕಿತು. ಹೊಲಿಗೆ ಮನೆಗೆ ಆಯಿತು. ಫ್ರೆಂಚ್ ಮಾತ್ರ ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟ ಸೀರೆಯ ಹಾಗೆ ಉಳಿದಿತ್ತು.

ಒಂದು ಸಂಜೆ ಕೀಬೋರ್ಡ್ ನುಡಿಸುತ್ತಿದ್ದಾಗ ಬಾಗಿಲು ಬಡಿದ ಶಬ್ದ. ತೆರೆದರೆ ಚೌಕಟ್ಟು ತುಂಬ ನಿಂತ ಒಬ್ಬ ಆಳು. ಪಕ್ಕದ ವಿಲ್ಲಾಕ್ಕೆ ಹೊಸದಾಗಿ ಬಂದ ಫ್ರೆಂಚ್ ಗೋಲ್‌ಕೀಪರ್. ಹತ್ತಿರದ ಊರಿನ ಕ್ಲಬ್ಬೊಂದು ಅವನನ್ನು ಕಾಂಟ್ರಾಕ್ಟ್ ಮೇಲೆ ಕರೆಸಿದೆ ಎಂದು ವಾಚ್‌ಮನ್ ಹೇಳಿದ್ದ. ಗಲಾಟೆ ಆಗ್ತದೆ ಅಂತ ಕಂಪ್ಲೇಂಟಿಗೆ ಬಂದನೋ ಏನೋ ಎಂದು ಗಾಬರಿಯಾಗಿ ಸಿಸ್ಟರ್ ಕಲಿಸಿದ ಹಾಗೇ ಪೂರ್ತಿ ಒಂದು ಫ್ರೆಂಚ್ ವಾಕ್ಯದಲ್ಲಿ ಕ್ಷಮೆ ಕೇಳಿದೆ. ಅವನು ಬಾಯಿಬಿಟ್ಟು ನೋಡಿದ. ಆಮೇಲೆ ನಗು.

"ಮದಾಮ್, ಇದು ನನ್ನ ಅಜ್ಜಿಯ ಅಜ್ಜಿ ಮಾತಾಡುತ್ತಿದ್ದ ಫ್ರೆಂಚ್!"

ಬಂದದ್ದು ಕಂಪ್ಲೇಂಟಿಗಲ್ಲ, ಕಲಿಯಲಿಕ್ಕೆ. ಅವನ ತಾಯಿ ಅಡುಗೆಮನೆಯಲ್ಲಿ ಗುನುಗುತ್ತಿದ್ದ ಒಂದು ಜೋಗುಳ ಇತ್ತಂತೆ. ಅದೊಂದನ್ನು ನುಡಿಸಲು ಬರಬೇಕು, ಅಷ್ಟೇ. ಹೀಗೆ ಪ್ರಾಕ್ಟೀಸ್ ಇಲ್ಲದ ಸಂಜೆ ಅವನು ಬರುವುದು, ನಾನು ನೀರುದೋಸೆ ಹಾಕುವುದು ರೂಢಿಯಾಯಿತು. ನಮ್ಮವರು ಕ್ರಿಕೆಟ್ಟಿನ ಹುಚ್ಚರು. ಅವನನ್ನು "ಕೀಪರ್" ಅಂತಲೇ ಕರೆಯುತ್ತಿದ್ದರು. "ನಮ್ಮ ವಿಕೆಟ್ ಕೀಪರಿಗೆ ಬ್ಯಾಟಾದರೂ ಕೊಡ್ತಾರೆ. ನಿನಗೆ ಅದೂ ಇಲ್ಲ. ಎಂತ ಗೇಮಯ್ಯಾ ನಿನ್ನದು!" ಎಂದು ಇಂಗ್ಲಿಷಿನಲ್ಲಿ ಕೆಣಕಿದರೆ ಅವನು ಒಂದು ದೋಸೆ ಜಾಸ್ತಿ ತಿಂದು ಸೇಡು ತೀರಿಸಿಕೊಳ್ಳುತ್ತಿದ್ದ.

ಅಂಥ ಕೈಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೆರಳು ಚಾಚಿದರೆ ಒಂದು ಆಕ್ಟೇವ್, ಅಂದರೆ ಎಂಟು ಕೀ, ದಾಟಿ ಇನ್ನೂ ಎರಡು ಕೀ ಆಚೆಗೆ ಮುಟ್ಟುತ್ತಿದ್ದವು. ನನ್ನ ಸ್ಟೂಡೆಂಟ್ಸ್ ಯಾರಿಗೂ ದೇವರು ಅದನ್ನು ಕೊಟ್ಟಿರಲಿಲ್ಲ. ಎಡಗೈಯ ಕಿರುಬೆರಳು ಮಾತ್ರ ಎಷ್ಟೋ ಸಲ ಮುರಿದು ಸ್ವಲ್ಪ ಸೊಟ್ಟ. ಆದರೂ ಬೇಸ್ ನೋಟ್, ಅಂದರೆ ತಳದ ಸ್ವರ, ಹಿಡಿಯುವ ಬೆರಳು ಅದೇ. "ಕಿರುಬೆರಳು ಲಂಗರು, ಅದು ಗಟ್ಟಿ ನಿಂತರೆ ಉಳಿದ ನಾಲ್ಕು ಆಡ್ತವೆ" ಎಂದು ಸಿಸ್ಟರ್ ನನಗೆ ಹೇಳಿದ್ದನ್ನೇ ನಾನು ಅವನಿಗೆ ಹೇಳುತ್ತಿದ್ದೆ. ಬಂದರಿನಲ್ಲಿ ಕೂಲಿ ಮಾಡಿದವನ ಮಗ ಅವನು. ಲಂಗರು ಅಂದರೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಅವನ ಕರಿಯರ್ ಕಥೆ ಕೇಳಿ ನನಗೆ ಮೊದಲು ಅಯ್ಯೋ ಅನಿಸಿದ್ದು ಅಲ್ಲೇ, ಆ ಕೀಬೋರ್ಡಿನ ಮುಂದೆ. ಮೀಸೆ ಬರುವ ಮೊದಲೇ ಅಕಾಡೆಮಿಗೆ ಸೇರಿದವನು ದೊಡ್ಡ ದೊಡ್ಡ ಕ್ಲಬ್ಬುಗಳಲ್ಲಿ ಇದ್ದನಂತೆ. ಆದರೆ ಆಡಿದ್ದು ಬೆರಳೆಣಿಕೆ. ಎಲ್ಲ ಕಡೆಯೂ ಎರಡನೇ ಗೋಲ್‌ಕೀಪರ್. ಬೇರೆ ಆಟಗಾರರಾದರೆ ಅರ್ಧ ಆಟಕ್ಕೆ ಬದಲಾಗುತ್ತಾರೆ, ಗೋಲ್‌ಕೀಪರನ್ನು ಹಾಗೆ ಬದಲಿಸುವುದಿಲ್ಲ. ಮೊದಲನೆಯವನಿಗೆ ಪೆಟ್ಟಾದರೆ ಮಾತ್ರ ಎರಡನೆಯವನಿಗೆ ಬಾಳು. ವಾರ್ಮಪ್ ಮಾಡು, ಚೆಂಡು ಜಾರದ ಹಾಗೆ ಗ್ಲೌಸ್ ಒದ್ದೆ ಮಾಡಿಕೋ, ಬೆಂಚಿನಲ್ಲಿ ಕೂರು, ಮನೆಗೆ ಹೋಗಿ ಗ್ಲೌಸ್ ತೊಳೆದು ಹಾಕು. ಯೌವನವೆಲ್ಲ ಹೀಗೇ ಹೋಯಿತು.

"ನೀನೇನು, ಅವರಿಗೆ ಪೆಟ್ಟಾಗಲಿ ಅಂತ ಪ್ರೇ ಮಾಡ್ತಿದ್ದೆಯಾ?" ತಮಾಷೆಗೆ ಕೇಳಿದೆ.

ಅವನು ನಗಲಿಲ್ಲ. "ಪ್ರತಿ ವಾರ, ಮದಾಮ್" ಅಂದ.

ಅಲ್ಲಿ, ಆ ಮರಳಿನ ಊರಿನಲ್ಲಿ, ಎರಡನೇ ದರ್ಜೆಯ ಲೀಗಿನಲ್ಲಿ, ತಲೆ ನರೆಯುವ ಹೊತ್ತಿಗೆ ಅವನು ಕೊನೆಗೂ ಮೊದಲನೆಯವನಾಗಿದ್ದ. ಅದಕ್ಕೇ ಆ ಜಾಗ ಅವನಿಗೆ ಅಷ್ಟೊಂದು...

ಆ ಚಳಿಗಾಲ ಪ್ರಾಕ್ಟೀಸಿನಲ್ಲಿ ಗೋಲ್ ಕಂಬಕ್ಕೆ ಕೈ ಬಡಿದು ಅದೇ ಕಿರುಬೆರಳು ಮತ್ತೆ ಪುಡಿಯಾಯಿತು. ಲೀಗಿಗೂ ಆಗ ಸಣ್ಣ ರಜೆ. ಸ್ಮಾಲ್ ಆಪರೇಶನ್, ಊರಿಗೆ ಹೋಗಿ ಮಾಡಿಸಿಕೊಂಡು ಬರ್ತೇನೆ ಎಂದು ಹೋದ. ವಾಪಸ್ ಬಂದದ್ದೂ ಗೊತ್ತು, ರಾತ್ರಿ ಅವನ ವಿಲ್ಲಾದಲ್ಲಿ ಲೈಟ್ ಉರಿಯುತ್ತಿತ್ತು. ಆದರೆ ನಮ್ಮ ಬಾಗಿಲಿಗೆ ಬಹಳ ದಿನ ಬರಲಿಲ್ಲ. ಕಾಂಪೌಂಡಿನ ದಾರಿಯಲ್ಲಿ ಸಿಕ್ಕರೂ ಎಡಗೈ ಜಾಕೆಟಿನ ಜೇಬಿನಲ್ಲೇ.

ಒಂದು ದಿನ ಸಾಯಂಕಾಲದ ಅಸರ್ ನಮಾಜಿನ ಬಾಂಗ್ ಆಗುವ ಹೊತ್ತಿಗೆ ಬಂದ. ಬಲಗೈಯಲ್ಲಿ ಒಂದು ಗ್ಲೌಸ್, ಎಡಗೈಯದ್ದು.

"ಮದಾಮ್, ನೀವು ಹೊಲಿಯುತ್ತೀರಲ್ಲ. ಇದರ ಕಿರುಬೆರಳಿಗೆ ಏನಾದರೂ ಗಟ್ಟಿಯಾಗಿ ತುಂಬಿ ಹೊಲಿದು ಕೊಡ್ತೀರಾ?"

ಪೆಟ್ಟಾದ ಬೆರಳಿಗೆ ಕುಶನ್ ಬೇಕೇನೋ ಎಂದುಕೊಂಡೆ. "ತುಂಬಿದರೆ ನಿನ್ನ ಬೆರಳಿಗೆ ಜಾಗ ಎಲ್ಲಿ ಮಾರಾಯ? ಕೈ ಕೊಡು, ಅಳತೆ ನೋಡುವ" ಎಂದು ಟೇಪ್ ಹಿಡಿದು ಕೂತೆ.

ಅವನು ಜೇಬಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟ.

ಬೆರಳು ಇರಲಿಲ್ಲ. ಬುಡದಲ್ಲೊಂದು ತುಂಡು, ಅದರ ತುದಿಗೆ ಕೆಂಪು ಹೊಲಿಗೆಯ ಗುರುತು, ಅಷ್ಟೇ.

ಟೇಪು ಬದಿಗಿಟ್ಟೆ. ಆಕ್ಸಿಡೆಂಟಾ, ಸೆಪ್ಟಿಕ್ಕಾ, ಏನೇನೋ ಕೇಳಿದೆ. ಅದೇನೂ ಅಲ್ಲ. ಪಿನ್ ಹಾಕಿ ಉಳಿಸಬಹುದು, ಆದರೆ ಈ ಸೀಸನ್ ಪೂರ್ತಿ ಆಡುವ ಹಾಗಿಲ್ಲ ಎಂದಿದ್ದರಂತೆ ಡಾಕ್ಟರ್. ಕತ್ತರಿಸಿದರೆ ಬೇಗ ಗುಣವಾಗ್ತದೆ. ಕತ್ತರಿಸಿ ಎಂದು ಅವನೇ ಕೇಳಿದ್ದು. ಬೇಡ ಎಂದ ಡಾಕ್ಟರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋಗಿ, ಹಟ ಹಿಡಿದು, ಅವನೇ...

ನಮ್ಮವರು ಚಹಾದ ಕಪ್ಪು ಕೆಳಗಿಟ್ಟರು. "ಇವನಿಗೆ ತಲೆ ಸರಿ ಇಲ್ಲ ಮಾರಾಯ್ತಿ" ಎಂದು ನನಗೆ ಕನ್ನಡದಲ್ಲಿ ಹೇಳಿ, ಅವನಿಗೆ ಇಂಗ್ಲಿಷಿನಲ್ಲಿ "ಒಂದು ಸೀಸನ್ ರೆಸ್ಟ್ ತಗೊಂಡಿದ್ದರೆ ಆಕಾಶ ಬೀಳ್ತಿತ್ತಾ?" ಅಂದರು.

"ಸರ್, ನಾನು ಒಂದು ಸೀಸನ್ ಕೂತರೆ ನನ್ನ ಜಾಗದಲ್ಲಿ ಎರಡನೆಯವನು ನಿಲ್ಲುತ್ತಾನೆ. ನಿಂತವನು ಮತ್ತೆ ಜಾಗ ಬಿಡುವುದಿಲ್ಲ. ಅವನು ಒಳ್ಳೆಯವನು, ದಿನಾ ನನಗೆ ಕಾಫಿ ತಂದುಕೊಡ್ತಾನೆ. ಆದರೆ ಅವನು ಬೆಂಚಿನಲ್ಲಿ ಕೂತು ಏನು ಯೋಚಿಸ್ತಾನೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಗ್ಲೌಸಿನಲ್ಲಿ ಖಾಲಿ ಬೆರಳು ಅಲ್ಲಾಡಿದರೆ ಚೆಂಡು ಜಾರುತ್ತದೆ. ಎದುರಿನ ತಂಡಕ್ಕೆ ಗೊತ್ತಾದರೆ ಎಲ್ಲರೂ ಅದೇ ಮೂಲೆಗೆ ಒದೆಯುತ್ತಾರೆ. ಅದಕ್ಕೇ ತುಂಬಿಸಬೇಕು. ಸೀಸನ್ನಿನಲ್ಲಿ ಗೆದ್ದು ಮೇಲಿನ ದರ್ಜೆಗೆ ಹೋದರೆ ಅವನ ಕಾಂಟ್ರಾಕ್ಟ್ ಮುಂದುವರಿಯುತ್ತದೆ. ಇಷ್ಟೇ ಅವನ ಲೆಕ್ಕ. ಒಬ್ಬ ಪಿಯಾನೋ ಟೀಚರಿನ ಮುಂದೆ ಕೂತು ಎಷ್ಟು ಸಲೀಸಾಗಿ ಹೇಳಿದ! ಹಳೆಯ ದಿಂಬು ಬಿಚ್ಚಿ ಹತ್ತಿ ತೆಗೆದೆ, ಸುತ್ತಲೂ ಸ್ಪಂಜ್ ಸುತ್ತಿದೆ. ದಪ್ಪ ರಬ್ಬರಿಗೆ ಸೂಜಿ ಸುಲಭಕ್ಕೆ ಇಳಿಯಲಿಲ್ಲ. ಆ ಹೊಲಿಗೆ ಹಾಕುವಾಗ ಮನುಷ್ಯರ ಮೈಗೇ ಹೊಲಿಗೆ ಹಾಕುತ್ತಿದ್ದೇನೆ ಅನಿಸಿತು.

ಸೀಸನ್ನಿನ ಕೊನೆಯ ಮ್ಯಾಚಿಗೆ ನಾವಿಬ್ಬರೂ ಹೋದೆವು. ಹೆಂಗಸರಿಗೆ ಸ್ಟೇಡಿಯಮ್ಮಿನಲ್ಲಿ ಬಾಗಿಲು ತೆರೆದು ಆಗ ಹೆಚ್ಚು ದಿನ ಆಗಿರಲಿಲ್ಲ. ಕಪ್ಪು ನಿಲುವಂಗಿ ಅಬಾಯಾ ಹಾಕಿಕೊಂಡು ಫ್ಯಾಮಿಲಿ ಸೆಕ್ಷನ್ನಿನಲ್ಲಿ ಕೂತಿದ್ದೆ. ಪಕ್ಕದ ಸೌದಿ ಹೆಂಗಸು ಥರ್ಮಸ್ಸಿನಿಂದ ಗಾವಾ, ಅವರ ಅರಬ್ಬೀ ಕಾಫಿ, ಬಗ್ಗಿಸಿ ಕೊಟ್ಟಳು. ನನಗೆ ಆಟ ಕಾಣಿಸಲಿಲ್ಲ, ಕಂಡದ್ದು ಒಂದು ಗ್ಲೌಸ್ ಮಾತ್ರ. ಮೇಲಿನ ದರ್ಜೆಗೆ ಹೋಗಲು ಅವನ ತಂಡಕ್ಕೆ ಡ್ರಾ ಆದರೂ ಸಾಕಿತ್ತು. ಮುಗಿಯುವ ಹೊತ್ತಿಗೆ ಒಬ್ಬ ಒದ್ದ ಚೆಂಡು ಎಡ ಮೂಲೆಗೆ ಹಾರಿತು. ಅವನೂ ಹಾರಿದ. ಚೆಂಡು ಗ್ಲೌಸಿನ ತುದಿಗೆ ಸವರಿ, ಕಂಬಕ್ಕೆ ಬಡಿದು, ಹೊರಗೆ ಹೋಯಿತು. ಸ್ಟೇಡಿಯಂ ಎದ್ದು ಕುಣಿಯಿತು. ನಮ್ಮವರು, ಕ್ರಿಕೆಟ್ ಬಿಟ್ಟರೆ ಬೇರೇನೂ ಆಟವೇ ಅಲ್ಲ ಎನ್ನುವವರು, ಚಪ್ಪಾಳೆ ತಟ್ಟಿ ತಟ್ಟಿ ಕಣ್ಣೊರೆಸಿಕೊಂಡರು. ನಾನು ಮಾತ್ರ ಕೂತೇ ಇದ್ದೆ. ಚೆಂಡಿಗೆ ತಾಗಿದ್ದು ಅವನ ಬೆರಳಲ್ಲ, ನನ್ನ ಮನೆಯ ದಿಂಬಿನ ಹತ್ತಿ.

ತಂಡ ಮೇಲಿನ ದರ್ಜೆಗೆ ಹೋಯಿತು. ಮೇಲೆ ಹೋದ ಮೇಲೆ ಕ್ಲಬ್ಬಿಗೆ ದುಡ್ಡು ಬಂತು, ದುಡ್ಡು ಬಂದ ಮೇಲೆ ದೊಡ್ಡ ಹೆಸರು ಬೇಕಾಯಿತು. ಬೇರೆ ದೇಶದಿಂದ ಒಬ್ಬ ಹೆಸರುವಾಸಿ ಗೋಲ್‌ಕೀಪರನ್ನು ಕರೆಸಿಕೊಂಡರು. ಕಾಫಿ ತರುತ್ತಿದ್ದವನು ಬೆಂಚಿನಲ್ಲೇ ಉಳಿದ. ನಮ್ಮ ಪಕ್ಕದ ಮನೆಯವನ ಕೈಗೆ ದೇಶ ಬಿಟ್ಟು ಹೋಗು ಎನ್ನುವ ಫೈನಲ್ ಎಕ್ಸಿಟ್ ವೀಸಾ ಬಂತು.

ಅದನ್ನು ಹೇಳಲು ಅವನು ಬಂದಾಗ ಅತ್ತದ್ದು ನಾನು, ಅವನಲ್ಲ. ಕೀಬೋರ್ಡಿನ ಮುಂದೆ ಕೂತು ಬಲಗೈಯಲ್ಲಿ ಆ ಜೋಗುಳ ಶುರುಮಾಡಿದ. ಎಡಗೈ ಮೇಲೆತ್ತಿ, ಎಲ್ಲಿಡಬೇಕೆಂದು ತಿಳಿಯದೆ, ತೊಡೆಯ ಮೇಲೆ ಇಟ್ಟುಕೊಂಡ. ನಾನು ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡು ನನ್ನ ಕಿರುಬೆರಳಿನಿಂದ ಬೇಸ್ ನೋಟ್ ಹಿಡಿದೆ. ಕೊನೆಯವರೆಗೂ ಹಾಗೇ ನುಡಿಸಿದೆವು. ನಮ್ಮವರು ಎದ್ದು ಅಡುಗೆಮನೆಗೆ ಹೋದರು, ಬೇಕಂತಲೇ.

ಮಾರನೇ ಬೆಳಿಗ್ಗೆ ನಮ್ಮ ಬಾಗಿಲ ಹಿಡಿಗೆ ಬಕಾಲಾ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲ ತೂಗುತ್ತಿತ್ತು. ಒಳಗೆ ತೊಳೆದು ಒಣಗಿಸಿದ ಗ್ಲೌಸ್, ಎಡಗೈಯದ್ದು ಮಾತ್ರ.

ಸ್ವಲ್ಪ ಕಾಲ ಹಬ್ಬಕ್ಕೆ ಮೆಸೇಜ್ ಬರುತ್ತಿತ್ತು. ಆಮೇಲೆ ನಂಬರ್ ಸತ್ತುಹೋಯಿತು. ತನ್ನ ಆ ಬಂದರಿನ ಊರಿನಲ್ಲೇ ಇದ್ದಾನೋ, ಎಲ್ಲಿದ್ದಾನೋ... ಚಪ್ಪಾಳೆ ತಟ್ಟಿದ ನಮ್ಮವರೂ ಈಗಿಲ್ಲ. ಆ ಕಾಂಪೌಂಡ್ ಕೆಡವಿ ಏನೋ ಕಟ್ಟುತ್ತಿದ್ದಾರೆ. ಮಗನ ಈ ಮನೆಗೆ ಬರುವಾಗ ನಾನು ಬಿಡದೆ ತಂದ ಸಾಮಾನು ಸ್ವಲ್ಪವೇ.

ನಿನ್ನೆ ಸೊಸೆ ಆಫೀಸಿಗೆ ಹೋದ ಮೇಲೆ ಕಪಾಟಿನಿಂದ ಆ ಚೀಲ ತೆಗೆದೆ. ರಬ್ಬರ್ ಅಲ್ಲಲ್ಲಿ ಅಂಟಿ, ಬಿರುಕು ಬಿಟ್ಟಿದೆ. ನನ್ನ ಹೊಲಿಗೆ ಮಾತ್ರ ಗಟ್ಟಿ ಇದೆ. ಮೆಲ್ಲಗೆ ಕೈ ಹಾಕಿದೆ. ನಾಲ್ಕು ಬೆರಳು ಸಡಿಲವಾಗಿ ಒಳಗೆ ಹೋದವು. ಕಿರುಬೆರಳು ಬುಡದಲ್ಲೇ ಹತ್ತಿಗೆ ತಾಗಿ ನಿಂತಿತು. ಎಷ್ಟು ಒತ್ತಿದರೂ ಅದಕ್ಕೆ ಅಲ್ಲಿ ಜಾಗ ಇರಲಿಲ್ಲ.