ಕೆಂಪಾಗದ ಕೆನ್ನೆಗೊಂದು ವಂದನೆ

ನನ್ನ ಮಗಳು ಮೊಬೈಲಿನಲ್ಲಿ ನೋಡುವ ಜಪಾನಿ ಕಾರ್ಟೂನುಗಳಲ್ಲಿ ಎಲ್ಲರ ಕಣ್ಣುಗಳೂ ಮುಖದ ಅರ್ಧಭಾಗವನ್ನು ಒತ್ತುವರಿ ಮಾಡಿಕೊಂಡಿರುವುದರಿಂದ, ಅವರ ಸಿಟ್ಟು ಅಡುಗೆಮನೆಯಲ್ಲಿರುವ ನನಗೂ ಸ್ಪಷ್ಟವಾಗಿ ಕಾಣುತ್ತದೆ. ಹೋದ ತಿಂಗಳು ಅಂಥ ಒಬ್ಬ ನಾಯಕಿಯಿಂದ ನಮ್ಮಿಬ್ಬರಿಗೂ ವಾದ ಹತ್ತಿಕೊಂಡಿತು. ಮೊದಲ ಕಂತಿನಿಂದಲೂ ನಾಯಕನನ್ನು ದುರುಗುಟ್ಟಿ ನೋಡುತ್ತ, ಬೈಯುತ್ತ, ಅವನು ಕಷ್ಟಕ್ಕೆ ಸಿಕ್ಕಾಗಲೆಲ್ಲ ತಪ್ಪದೆ ಹಾಜರಾಗುವ ಹುಡುಗಿ ಆಕೆ. ಹೊರಗೆ ಸಿಡುಕು, ಒಳಗೆ ಅಕ್ಕರೆ ಇರುವ ಇಂಥವರಿಗೆ 'ತ್ಸುಂದೆರೆ' ಎಂಬ ಹೆಸರಿದೆಯಂತೆ. ಆದರೆ ಇವಳು ಆ ಜಾತಿಯಲ್ಲವೆಂದು ಮಗಳ ತೀರ್ಪು. "ಒಂದ್ಸಲನಾದ್ರೂ ಕೆನ್ನೆ ಕೆಂಪಾಗ್ಬೇಕಮ್ಮ, ಇವ್ಳಿಗೆ ಆಗಲ್ಲ."

ಕಾಲೇಜಿನಲ್ಲಿ ವರ್ಷಗಟ್ಟಲೆ ಕಾವ್ಯಶಾಸ್ತ್ರದ ಅಷ್ಟನಾಯಿಕೆಯರನ್ನು ಪಾಠ ಮಾಡಿದ ನನಗೆ, ಯಾವ ಹೆಣ್ಣನ್ನು ಕಂಡರೂ ಎಂಟರಲ್ಲೊಂದು ಖಾನೆಗೆ ತುರುಕದಿದ್ದರೆ ಸಮಾಧಾನವಿಲ್ಲ. ಜಗಳವಾಡಿ ಆಮೇಲೆ ಪರಿತಪಿಸುವ ಕಲಹಾಂತರಿತೆಯ ಪಕ್ಕದಲ್ಲಿ ಈಕೆಯನ್ನು ಕೂರಿಸಲು ನೋಡಿದೆ. ಪರಿತಾಪದ ಸುಳಿವೇ ಇರಲಿಲ್ಲ. ಕೊನೆಗೆ, "ಇವಳು ನಮ್ಮ ಪುಟ್ಟತಾಯಮ್ಮ ಬಿಡು, ಒಳಗೆ ಪ್ರೀತಿ ಇದ್ದೇ ಇರುತ್ತೆ" ಎಂದುಬಿಟ್ಟೆ.

ಪುಟ್ಟತಾಯಮ್ಮ ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ನಮ್ಮ ಎದುರುಮನೆಯವರು, ಚರಂಡಿಯ ನೀರಿನ ಜಗಳದಲ್ಲಿ ಅಮ್ಮನೊಂದಿಗೆ ಮಾತು ಬಿಟ್ಟವರು. ನಾನು ಪಿಯುಸಿಯಲ್ಲಿದ್ದಾಗ ಅಮ್ಮ ಜಾರಿಬಿದ್ದು ಕೈ ಮುರಿದುಕೊಂಡಳು. ಮಗ್ಗದ ಮೇಲೆ ಯಾರದೋ ಮದುವೆಯ ರೇಷ್ಮೆಸೀರೆ ಅರ್ಧಕ್ಕೆ ನಿಂತಿತ್ತು. ನಾನು ಪರೀಕ್ಷೆ ಬಿಟ್ಟು ನೇಯಲು ಕೂರುವುದೆಂದು ತೀರ್ಮಾನವಾಯಿತು. ಮರುದಿನ ಬೆಳಗ್ಗೆ ಪುಟ್ಟತಾಯಮ್ಮ ಹೇಳದೆ ಕೇಳದೆ ಒಳಬಂದು, ಮಗ್ಗಕ್ಕೆ ಕೂತಿದ್ದ ನನ್ನನ್ನು ಎಬ್ಬಿಸಿ, ತಾವೇ ಅದರ ಗುಂಡಿಗೆ ಕಾಲಿಳಿಸಿದರು. ಹದಿನೈದು ದಿನ ನೇಯ್ದರು, ಹದಿನೈದು ದಿನವೂ ಅಮ್ಮನನ್ನು ಬೈದರು, ನಮ್ಮ ಮನೆಯ ಕಾಫಿ ಮುಟ್ಟಲಿಲ್ಲ. ನಾನು ಪರೀಕ್ಷೆ ಬರೆದೆ. ಮುಂದೆ ಮೇಡಂ ಎನಿಸಿಕೊಂಡೆ. ಒಳಗೊಳಗೇ ನಮ್ಮ ಮೇಲೆ ಪ್ರೀತಿ ಎಂದು ಮನೆಯಲ್ಲಿ ಮಾತಾಡಿಕೊಂಡೆವೇ ಹೊರತು, ಅವರಿಗೆ ಕೃತಜ್ಞತೆ ಹೇಳಲು ಯಾರೂ ಬೀದಿ ದಾಟಲಿಲ್ಲ.

"ಊಹೆ ಯಾಕೆ, ಹೋಗಿ ಕೇಳು" ಎಂದಳು ಮಗಳು. ಭಾನುವಾರ ಕೊಳ್ಳೇಗಾಲಕ್ಕೆ ಹೋದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಪುಟ್ಟತಾಯಮ್ಮ ನನ್ನ ಪ್ರಶ್ನೆಗೆ ತಲೆಯನ್ನೂ ಎತ್ತಲಿಲ್ಲ.

"ಪಿರೀತಿನಾ? ನಿಮ್ಮವ್ವುನ್ ಕಂಡ್ರ ನಂಗ ಇವತ್ತೂ ಆಗದಿಲ್ಲ ಕಣವ್ವ. ಅರ್ದ ನೇದ ಸೀರ, ಓದೋ ಉಡ್ಗಿ, ಎಲ್ಡೂ ಆಳಾಗೋಯ್ತಿದ್ವಲ್ಲ, ನೋಡ್ಕಂಡು ಸುಮ್ಗ ಕೂರಕಾದ್ದಾ?"

ಮಗಳು ಗೆದ್ದಳು, ನನ್ನ ಖಾನೆಗಳೆಲ್ಲ ಖಾಲಿಯಾದವು. ನೀವೇ ಹೇಳಿ, ಪ್ರೀತಿಸುವವರಿಗಾಗಿ ಬೆವರು ಹರಿಸುವುದರಲ್ಲಿ ಅಂಥ ಹೆಚ್ಚುಗಾರಿಕೆ ಏನಿದೆ? ಕಂಡರಾಗದವರ ಮನೆಯ ಮಗ್ಗದ ಗುಂಡಿಯಲ್ಲಿ ಕೂತು ಒಂದು ಎಳೆಯೂ ತಪ್ಪದಂತೆ ನೇಯ್ದವರ ಉಪಕಾರವನ್ನು, ಇಲ್ಲದ ಪ್ರೀತಿ ಹೊರಿಸಿ ನಾವು ಇಷ್ಟು ವರ್ಷ ಹಗುರ ಮಾಡಿಕೊಂಡಿದ್ದೆವು. ನನಗೆ ನಾಚಿಕೆಯಾಯಿತು. "ನಿಮ್ಮಿಂದಲೇ ನಾನು ಓದಿದ್ದು" ಎಂದು ಅವರ ಕಾಲು ಮುಟ್ಟಿದೆ.

"ಆಯ್ತಾ? ಓಗು, ಗೇಟ್ ಆಕಂಡೋಗು" ಎಂದರು.

ಕಾರ್ಟೂನಿನ ಕೊನೆಯ ಕಂತಿಗೆ ನಾನೇ ಒಲೆ ಆರಿಸಿ ಬಂದು ಮಗಳ ಪಕ್ಕ ಕೂತೆ. ಕೆನ್ನೆ ಎಲ್ಲಿ ಕೆಂಪಾಗಿಬಿಡುತ್ತದೋ ಎಂದು ಮೊಬೈಲಿನತ್ತ ಬಾಗಿ ನೋಡುತ್ತಿದ್ದೆ. ಆ ಹುಡುಗಿ ನಾಯಕನನ್ನು ಉಳಿಸಿ, ಒಮ್ಮೆ ದುರುಗುಟ್ಟಿ ನೋಡಿ, ಬೆನ್ನು ತಿರುಗಿಸಿ ಹೊರಟುಹೋದಳು.

"ಕೂಗೋ ಅವಳನ್ನ, ಥ್ಯಾಂಕ್ಸ್ ಹೇಳೋ" ಎಂದು ನಾನು ನಾಯಕನನ್ನು ಗದರಿಸಿದೆ.