ಸೊಪ್ಪು ಕಾಣದಿದ್ದರೆ ಸುತ್ತಿ ಬಾ

೧೯೮೨ರ ಶ್ರಾವಣ. ಬೆಳಕು ಹರಿಯುವ ಮೊದಲೇ ಕಂಟ್ರೋಲರ್ ಉಳಿವೆಪ್ಪ ಶಿಗ್ಗಾಂವಿ ಬಸ್ ನಿಲ್ದಾಣಕ್ಕೆ ಬಂದು ನಿಂತಿದ್ದಾರೆ. ರಾತ್ರಿಯಿಡೀ ಜಪ್ಪಿದ ಮಳೆ ಈಗಷ್ಟೇ ಹೊಳವಾಗಿದೆ. ದುಂಡಸಿಯಲ್ಲಿ ವಸ್ತಿ ಮಾಡಿದ ಬಸ್ಸು ಇಷ್ಟೊತ್ತಿಗೆ ಬರಬೇಕಿತ್ತು, ಬಂದಿಲ್ಲ. ತಂದಿಟ್ಟ ಚಹಾ ಆರಿ ಕೆನೆಗಟ್ಟಿದೆ.

ದಾರಿಯಲ್ಲೊಂದು ಹಳ್ಳ, ಅದಕ್ಕೊಂದು ತಗ್ಗು ಸೇತುವೆ. ಮೇಲೆಲ್ಲೋ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ನೀರು ನುಗ್ಗುತ್ತದೆ. ಹೊರಟ ಬಸ್ಸಿಗೆ ಸುದ್ದಿ ಮುಟ್ಟಿಸಲು ಫೋನಿಲ್ಲ, ಮಣ್ಣಿಲ್ಲ. ಅದಕ್ಕೇ, ತಾವಿಲ್ಲದ ಕಡೆ ಡ್ರೈವರ್ ಏನು ಮಾಡಬೇಕೆಂದು ಉಳಿವೆಪ್ಪ ಮೊದಲೇ ಗೊತ್ತು ಮಾಡಿಟ್ಟಿದ್ದಾರೆ.

"ಮೊದಲೆಲ್ಲಾ ನೀರು ಬಂದ್ರ ರಸ್ತೆ ಕಲ್ಲಿಗೆ ಬೇವಿನ ಟೊಂಗಿ ಕಟ್ರಿ ಅಂದಿದ್ದೆ. ಯಾವನೋ ಪುಣ್ಯಾತ್ಮ ಹಲ್ಲು ತಿಕ್ಕಾಕ ಆ ಟೊಂಗೀನ ಮುರಕೊಂಡು ಹೋದ ನೋಡ್ರಿ! ಬಸ್ಸು ನಟ್ಟನಡು ನೀರಾಗ ನಿಂತು, ಮಂದೀಗೆ ಹಗ್ಗ ಹಿಡಿಸಿ ಎಳೀಬೇಕಾತು," ಎಂದು ಅವರು ಈಗಲೂ ಹೇಳುತ್ತಾರೆ.

ಅಂದಿನಿಂದ ಎಲ್ಲ ತಿರುವುಮುರುವು. ಹಳ್ಳದ ಈಚೆ ದಂಡೆಯಲ್ಲಿರುವ ಚೌಡವ್ವ ನಸುಕಿನಲ್ಲಿ ನೀರಿಲ್ಲದಿದ್ದರೆ ಸೇತುವೆ ದಾಟಿ, ಆಚೆಯ ಕಲ್ಲಿಗೆ ಸೊಪ್ಪು ಕಟ್ಟುತ್ತಾಳೆ. ಸೊಪ್ಪಿದ್ದರೆ ಬಸ್ಸು ನೆಟ್ಟಗೆ ಬರಬೇಕು. ಇಲ್ಲದಿದ್ದರೆ ತಡಸದ ಮೇಲೆ, ಹುಬ್ಬಳ್ಳಿ ರಸ್ತೆ ಹಿಡಿದು ಸುತ್ತಿ ಬರಬೇಕು. ಸಂಜೆ ವಸ್ತಿಗೆ ಹೋಗುವ ಡ್ರೈವರ್ ಹಳೆಯ ಸೊಪ್ಪನ್ನು ಕಿತ್ತೆಸೆಯಬೇಕು.

ಆದರೆ ಆಡು ಕೇಳಬೇಕಲ್ಲ! ನಿನ್ನೆ ಕಟ್ಟಿದ ಸೊಪ್ಪನ್ನೆಲ್ಲ ಮೇದುಬಿಟ್ಟಿತು. ಹಳ್ಳದಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲದಾಗ ಬಸ್ಸು ಊರೆಲ್ಲ ಸುತ್ತಿ ಬಂತು. ಪ್ರಯಾಣಿಕರು ಉಳಿವೆಪ್ಪನವರ ಜನ್ಮ ಜಾಲಾಡಿದರು. ಡ್ರೈವರ್ ಅಲ್ಲಾಭಕ್ಷನೂ ರೇಗಿದ: "ನಾಳೆ ಸೊಪ್ಪು ಇರ್ಲಿ ಬಿಡ್ಲಿ, ನಾ ನೆಟ್ಟಗ ಬರಾಂವರಿ!"

ಆ ಮಾತೇ ಈಗ ಎದೆ ಕೊರೆಯುತ್ತಿದೆ. ಅಷ್ಟರಲ್ಲಿ ಹಾಲಿನವನ ಸೈಕಲ್ಲಿನಿಂದ ಚೌಡವ್ವ ಧುಮುಕುತ್ತಾಳೆ, ಮೈಯೆಲ್ಲ ತೊಯ್ದು ತೊಪ್ಪೆ.

"ಯಣ್ಣಾ, ಸೇತುವಿ ಮ್ಯಾಲ ಎದಿಮಟ ನೀರು ಹರಿಯಾಕತ್ತೇತಿ. ದಾಟಾಕ ಆಗಲಿಲ್ಲ. ಕೂಗಿದ್ರ ಆಚಿಗೆ ಕೇಳಂಗಿಲ್ಲ. ಬಸ್ಸು ಬಂತೇನು?"

ಉಳಿವೆಪ್ಪ ಕೈಯಲ್ಲಿದ್ದ ಸೀಟಿಯನ್ನು ಜೇಬಿಗೆ ಹಾಕುತ್ತಾರೆ, ಮತ್ತೆ ತೆಗೆಯುತ್ತಾರೆ. ಅಲ್ಲಾಭಕ್ಷ ಹಟವಾದಿ. ಬಸ್ಸಿನ ತುಂಬ ಸಂತೆಗೆ ಹೊರಟ ಮಂದಿ. ದೇವರೇ, ಆ ಕಲ್ಲಿನ ಹತ್ತಿರ ಅವನಿಗೆ ಸಿಟ್ಟು ನೆನಪಾಯಿತೋ, ತಾವು ಹೇಳಿಟ್ಟ ಮಾತು ನೆನಪಾಯಿತೋ?

ಬಹಳ ಹೊತ್ತಿನ ಮೇಲೆ ಹಾರ್ನು ಕೇಳುತ್ತದೆ. ಹುಬ್ಬಳ್ಳಿ ರಸ್ತೆಯ ಕಡೆಯಿಂದ! ಬಸ್ಸು ನಿಲ್ಲುವ ಮೊದಲೇ ಕಿಟಕಿಗಳಿಂದ ಬೈಗುಳ ಸುರಿಯುತ್ತದೆ: "ಇವತ್ತೂ ಸುತ್ತಿಸಿದ್ರಲ್ರೀ! ನಿಮ್ಮ ಸೊಪ್ಪಿಗೆ ಬೆಂಕಿ ಹಾಕ್ರಿ!"

"ನಾನೂ ಬೈಕೊಂತನ ಹೊಳ್ಳಿಸಿದೆರಿ," ಎನ್ನುತ್ತಾ ಅಲ್ಲಾಭಕ್ಷ ಇಳಿಯುತ್ತಾನೆ. "ಸೊಪ್ಪು ಇರಲಿಲ್ಲ."

ಚೌಡವ್ವ ಸೆರಗು ಕಟ್ಟಿ ಜಗಳಕ್ಕೇ ನಿಲ್ಲುತ್ತಾಳೆ. ಇಳಿದು ಹೋಗುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ ಉಳಿವೆಪ್ಪ ಅವಳನ್ನು ತಡೆಯುತ್ತಾರೆ. ಅವರ ಕಣ್ಣುಗಳು ತುಂಬಿವೆ.

"ಬೈಲಿ ಬಿಡ ಯವ್ವಾ. ಬೈಯಾಕರ ಎಲ್ಲಾರೂ ಅದಾರಲ್ಲ."